ಶಿರಹಟ್ಟಿಯಾಕಿಗೂ ಒಂದು ಸೀರಿ

ಈ ಸಲ ಮಾನವಮಿ ಅಮಾಸಿಗೆ ಹಿರ್ಯಾರಿಗೆ ಎಡಿ ಹಿಡಿಯುವಾಗ ಎರಡು ಸೀರಿ ಇಡೋಣು ಅಂತ ನಾ ಅಂದೆ. ಅಷ್ಟಕ್ಕ ಅಣ್ಣಗ ಸಿಟ್ಟು ಬಂದೈತಿ. "ಇಷ್ಟು ವರ್ಷ ಒಂದಾ ಇಡ್ತಿದ್ವಿ, ಈಗೆಲ್ಲಿಂದ ಬಂತು ಎರಡನೇದು?" ಅಂತಾನ. ಎಲ್ಲಿಂದ ಬಂತು ಅನ್ನೂದನ್ನ ಬರದು ಇಡ್ತೀನಿ, ನೀವಾ ಹೇಳ್ರಿ ಅಕ್ಕಾರ.

ನಮ್ಮ ಆಯಿಯ ಅತ್ತಿಗೆ ಎಲ್ಲಾರೂ "ಅಣ್ಣಿಗೇರಿಯಾಕಿ" ಅಂತಿದ್ರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಸೊಸಿ ಬಂದ್ಲಂದ್ರ ತವರೂರಾ ಆಕಿ ಹೆಸರಾಗಿಬಿಡ್ತೈತಿ. ಈಶ್ವರ ಸಂವತ್ಸರದ ಬರದಾಗ ಹುಟ್ಟಿದಾಕಿ ಅಂತ ಆಯಿ ಹೇಳ್ತಿದ್ಲು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರ್ತಾವು, 1877ರಾಗೂ ಈಶ್ವರ, 1937ರಾಗೂ ಈಶ್ವರ. 1937ಕ್ಕ ಸ್ವತಃ ನಮ್ಮ ಆಯಿನಾ ದೊಡ್ಡಾಕಿ ಆಗಿದ್ಲು. ಅಂದಮ್ಯಾಲೆ 1876-78ರ ಆ ದೊಡ್ಡ ಬರಾನಾ ಖರೆ.

ಸರ್ಕಾರಿ ಕಾಗದದಾಗ ಹೆಣ್ಣಮಗಳನ್ನ ಹುಡುಕೂದು ಅಂದ್ರ ಜ್ವಾಳದ ರಾಶಿಯೊಳಗ ಸಾಸಿವಿ ಹುಡುಕಿದಂಗ. ಜನಗಣತಿ ಆಗಿತ್ತು, 1872ರಾಗೂ, 1881ರಾಗೂ. ಆದ್ರ ನಮಗ ನೋಡಾಕ ಸಿಗೂದು ತಲಿ ಲೆಕ್ಕ ಅಷ್ಟಾ, ಹೆಸರಲ್ಲ. ಅಮೆರಿಕಾದಾಗ ಎಪ್ಪತ್ತೆರಡು ವರ್ಷ ಆದಮ್ಯಾಲೆ ಗಣತಿ ಹಾಳಿ ಬಿಚ್ಚಿ ಎಲ್ಲಾರಿಗೂ ತೋರಸ್ತಾರ. ನಮ್ಮಲ್ಲಿ ಹಂಗಿಲ್ಲ. ನಮಗ ಉಳಿಯೂದು ಹೊಲದ ಕಾಗದ. ಮುಂಬಯಿ ಸರ್ಕಾರದವ್ರು ಧಾರವಾಡ ಜಿಲ್ಲಾದಾಗ 1840ರ ದಶಕದಾಗಾ ಸರ್ವೆ ಮಾಡ್ಯಾರ. ಹಕ್ಕಿನ ದಾಖಲೆ ಇಡೂದಕ್ಕ 1903ರಾಗ ಕಾಯ್ದೆ ಬಂತು. ಹುಡುಕಾವ್ರು ಹೆಸರು ಹಿಡದು ಹೋಗಬ್ಯಾಡ್ರಿ, ಸರ್ವೆ ನಂಬರ ಹಿಡೀರಿ. ಇವತ್ತಿನ ಉತಾರದಾಗಿನ ಡೈರಿ ನಂಬರ ಹಿಡದು ಹಿಂದಕ್ಕ ಹಿಂದಕ್ಕ ಹೋದ್ರ ಕೈಬರಹದ ವಹಿ ಸಿಗ್ತಾವು. ಧೂಳಿಗೆ ಮೂಗಿಗೆ ಸೆರಗು ಕಟಗೊಂಡು ಹೋಗ್ರಿ ಮತ್ತ.

ಮೂರನೇ ಸಲ ಹೋದಾಗ ಸಿಕ್ಕಿತು. ಮುತ್ತಜ್ಜ ತೀರಿದಮ್ಯಾಲೆ ಆಗಿದ್ದ ವಾರಸಾ. ಮಗ ಸಣ್ಣಾಂವ, ಅದಕ್ಕ ಪಾಲನಕರ್ತ ತಾಯಿ ಅಂತ ಹಾಕಿ, ಮುಂದ ಆಕಿ ಹೆಸರು, ಅದರ ಮುಂದ "ಕೋಂ", ಆಮ್ಯಾಲೆ ಗಂಡನ ಹೆಸರು. ಅಪ್ಪನ ಹೆಸರಿಲ್ಲ, ತವರೂರಿಲ್ಲ. ಕೆಳಗ ಎಡಗೈ ಹೆಬ್ಬಟ್ಟು. ಆ ಹೆಬ್ಬಟ್ಟಿನ ಮ್ಯಾಲೆ ಬೆರಳಾಡಸ್ಬೇಕು ಅನಿಸ್ತು, ಅಲ್ಲಿದ್ದ ಗುಮಾಸ್ತ ನೋಡಾಕತ್ತಿದ್ದ, ಬಿಟ್ಟೆ. ಅಂತೂ ಅಣ್ಣಿಗೇರಿಯಾಕಿಗೆ ಹೆಸರು ಸಿಕ್ತು ಅಂತ ಖುಷಿಲೆ ಬಂದೆ. ಹೆಸರು ಇಲ್ಲಿ ಬರಿಯಂಗಿಲ್ಲ, ಮನ್ಯಾಗಿನವರಿಗೆಲ್ಲಾ ಗೊತ್ತೈತಿ.

ಸುಗ್ಗಿ ಮುಗದಮ್ಯಾಲೆ ನಮ್ಮ ಮನಿತನದ ಹೆಳವ ಬಂದ. ಮೊದಲೆಲ್ಲಾ ಎತ್ತಿನ ಮ್ಯಾಲೆ ಗಂಟಿ ಬಾರಿಸಕೋತ ಬರ್ತಿದ್ರು, ಈಗ ಮೋಟರ್ ಸೈಕಲ್ಲು. ವಂಶ ಓದಾಕ ಕುಂತಾಗ ನಾ ಆ ಹೆಸರು ಕೇಳಿದೆ. ಹೊತ್ತಿಗಿ ತಿರುವಿ ಅಂವ ಹೇಳಿದ, "ಅವ್ವಾರ, ಆ ಹೆಸರಿನಾಕಿ ಶಿರಹಟ್ಟಿ ಮಗಳು, ಎರಡನೇ ಸಂಬಂಧ. ಅಣ್ಣಿಗೇರಿಯಾಕಿ ಮೊದಲನೇಕಿ. ಒಂದು ಹೆಣ್ಣಮಗು ಆಗಿ ಎಳೀ ವಯಸ್ಸಿನಾಗಾ ಹೋದ್ಲು."

ನನಗ ಮಾತಾ ಹೊಂಡಲಿಲ್ಲ. ನಮ್ಮ ರಕ್ತ ಶಿರಹಟ್ಟಿಯಾಕಿದು. ಗಂಡ ಹೋದಮ್ಯಾಲೆ ಸಣ್ಣ ಮಗನ್ನ ಕಟಗೊಂಡು, ಹೆಬ್ಬಟ್ಟು ಒತ್ತಿ ಈ ಹೊಲ ಉಳಿಸಿದಾಕಿ ಆಕಿ. ನಾವು ಸೀರಿ ಇಟ್ಟದ್ದು ಇನ್ನೊಬ್ಬಾಕಿಗೆ. ಬಹುಶಃ ಶುರುವಿಗೆ ಸೀರಿ ಇಟ್ಟಾಕಿನೂ ಶಿರಹಟ್ಟಿಯಾಕಿನಾ ಇರಬೇಕು, ಸತ್ತ ಸವತಿಗೆ ಎಡಿ ಹಿಡಿಯೂದು ನಮ್ಮಲ್ಲಿ ರೂಢಿನಾ ಐತೆಲ್ಲ. ಆಕಿ ಇಟ್ಟದ್ದನ್ನ ಸೊಸಿ ಇಟ್ಲು, ಸೊಸಿದು ನೋಡಿ ನಮ್ಮವ್ವ. ಬರದಾಗ ಹುಟ್ಟಿದ ಕತಿ ಯಾರದ್ದು ಯಾರಿಗೆ ಹತ್ತಿತೋ ದೇವ್ರಾ ಬಲ್ಲ.

ಇದರಾಗ ನನ್ನ ತಕರಾರು ಏನಂದ್ರ, ಕಾಗದಕ್ಕ ಹೆಸರು ಗೊತ್ತು, ತವರು ಗೊತ್ತಿಲ್ಲ. ಬಾಯಿಗೆ ತವರು ಗೊತ್ತು, ಹೆಸರು ಗೊತ್ತಿಲ್ಲ. ಎರಡೂ ಕೂಡಿ ಇದ್ದದ್ದು ಹೆಳವನ ಹೊತ್ತಿಗ್ಯಾಗ ಅಷ್ಟಾ, ಅಂವನ ಮಗ ಬೆಂಗಳೂರಾಗ ಕೆಲಸಕ್ಕ ಹೋಗ್ಯಾನ. ಶಿರಹಟ್ಟಿಯೋ ಆಗ ಸಾಂಗಲಿ ಸಂಸ್ಥಾನದಾಗಿತ್ತು. ಆಕಿ ತವರಿನ ಕಾಗದ ಬೇಕಂದ್ರ ಬ್ಯಾರೆ ರಾಜ್ಯದ ದಫ್ತರ ಹುಡುಕಬೇಕು.

ಅಣ್ಣನ ಸಿಟ್ಟು ಸೀರಿದಲ್ಲ, ನನಗ ಗೊತ್ತೈತಿ. ಹಳೇ ವಂಶಾವಳಿ ಕೆದರಿದ್ರ ಪಾಲು ಕೇಳಾವ್ರು ಹುಟ್ಟಕೋತಾರ ಅಂತ ಅಂಜಿಕಿ. ಹೋದ ವರ್ಷ ಅಪ್ಪನ ವಾರಸಾಕ್ಕ ವಂಶಾವಳಿ ಬರಿಯುವಾಗ ಗಂಡಮಕ್ಕಳ ಹೆಸರಷ್ಟಾ ಬರದಿದ್ರು. ನಾನೂ ತಂಗಿನೂ ಹುಟ್ಟೇ ಇಲ್ಲೇನೋ ಅನ್ನೂವಂಗ! ಪಿತ್ರಾರ್ಜಿತದಾಗ ಹೆಣ್ಣಮಕ್ಕಳಿಗೂ ಪಾಲು ಅಂತ ನಮ್ಮ ರಾಜ್ಯದಾಗ 1994ರಾಗಾ ಕಾಯ್ದೆ ಬಂದೈತಿ. ಅದರಾಗ ಮೊದಲಾ ಲಗ್ನ ಆದಾವರನ್ನ ಬಿಟ್ಟಿದ್ರು, 2005ರಾಗ ಅದೂ ಹೋತು. ನನಗ ಹೊಲ ಬೇಕಾಗಿಲ್ಲ, ಬಿಟ್ಟಕೊಡ್ತೀನಿ. ಆದ್ರ ಮೊದಲು ಹೆಸರು ಬರೀರಿ, ಆಮ್ಯಾಲೆ ನಾ ಸಹಿ ಮಾಡಿ ಬಿಡ್ತೀನಿ. ಬರೀದಾ ಇರೂದು ಬ್ಯಾರೆ, ಬರದಮ್ಯಾಲೆ ಬಿಡೂದು ಬ್ಯಾರೆ. ಮೂರು ಸಲ ತಿರುಗಾಡಿ ಹಾಕಿಸಿದೆ. ನೀವೂ ಹಾಕಸ್ರಿ, ಜಗಳ ಆದ್ರ ಆಗಲಿ. ಹಂಗಾ ನಿಮ್ಮ ಅತ್ತಿ, ಅತ್ತಿಯ ಅತ್ತಿ, ಅವರ ಹೆಸರು, ಅಪ್ಪನ ಹೆಸರು, ತವರೂರು ಒಂದು ವಹಿಯೊಳಗ ಬರದು ಇಡ್ರಿ. ಗೊತ್ತಿದ್ದ ಮುದುಕ್ಯಾರು ಇನ್ನಾ ನಾಕು ಮಂದಿ ಅದಾರ.

ಇನ್ನೊಂದು. ಅಣ್ಣಿಗೇರಿಯಾಕಿ ಆ ಹೆಣ್ಣಮಗು ಎಲ್ಲಿ ಹೋತು? ವಾರಸಾದಾಗ ಆಕಿ ಇಲ್ಲ, ಹೆಳವನ ಹೊತ್ತಿಗ್ಯಾಗ "ಒಂದು ಹೆಣ್ಣು" ಅಂತಷ್ಟಾ ಐತಿ. ತಾಯಿ ಸತ್ತಮ್ಯಾಲೆ ಅಜ್ಜನ ಮನ್ಯಾಗ ಬೆಳದಿರಬೇಕು. ಅಣ್ಣಿಗೇರಿ ಕಡೆ ಯಾರರ ನಿಮ್ಮ ಮನ್ಯಾಗ "ನಮ್ಮ ಮುತ್ತಜ್ಜಿ ತಾಯಿ ಇಲ್ಲದಾಕಿ, ಮಲತಾಯಿ ಶಿರಹಟ್ಟಿಯಾಕಿ" ಅನ್ನೂ ಮಾತು ಕೇಳಿದ್ರ ನನಗ ಹೇಳ್ರಿ. ಅಮಾಸಿಗೆ ಕರಚೀಕಾಯಿ ಜಾಸ್ತಿನಾ ಮಾಡ್ತೀನಿ.