ತಾಯಿಗೆ ಹೋಂವರ್ಕ್ ಕೊಟ್ಟರೆ ತರಬೇತಿ ಆಗುವುದಿಲ್ಲ

ಮಗು ಎರಡು ವರ್ಷ ದಾಟಿದರೂ ಮಾತಾಡುತ್ತಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿಲ್ಲ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿಲ್ಲ ಎಂದಾಗ ನಮ್ಮ ಮನೆಗಳಲ್ಲಿ ಮೊದಲು ಸಿಗುವುದು ಸಮಾಧಾನ. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು’. ಆಮೇಲೆ ನಾಲಿಗೆಗೆ ಬಜೆ, ದೇವರಿಗೆ ಹರಕೆ. ಅಷ್ಟೆಲ್ಲ ಮುಗಿದು ಆಸ್ಪತ್ರೆಗೆ ಹೋಗಿ, ಆಟಿಸಂ ಎಂಬ ಹೆಸರು ಕೇಳಿಸಿಕೊಂಡು ಹೊರಗೆ ಬರುವಾಗ ಜೊತೆಗೆ ಬರುವ ಸಲಹೆ ಬಹುತೇಕ ಒಂದೇ: ‘ಮೊಬೈಲ್ ಬಿಡಿಸಿ, ಮಗುವಿನ ಜೊತೆ ಹೆಚ್ಚು ಹೆಚ್ಚು ಮಾತಾಡಿ’.

ತಾಯಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ಇದೇನು ಹೇಳು? ಚೆಂಡು. ಚೆಂಡು ಅನ್ನು. ಯಾವ ಬಣ್ಣ? ಇಲ್ಲಿ ನೋಡು, ಅಮ್ಮನ ಕಡೆ ನೋಡು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪರೀಕ್ಷೆ. ಫ್ಯಾನಿನ ಸುತ್ತಾಟದಲ್ಲಿ ಮುಳುಗಿದ ಮಗು ಆ ಮಾತಿನ ಮಳೆಗೆ ಬೆನ್ನು ಮಾಡಿ ಕೂರುತ್ತದೆ. ತನ್ನ ಪ್ರಯತ್ನವೇ ಸಾಲದೇನೋ ಎಂದು ತಾಯಿ ದನಿ ಇನ್ನಷ್ಟು ಏರಿಸುತ್ತಾಳೆ.

ಪೋಷಕರ ತರಬೇತಿಯ ಬಗ್ಗೆ ನಡೆದಿರುವ ಗಟ್ಟಿಯಾದ ಸಂಶೋಧನೆ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ತಿರುಗಾಮುರುಗಾ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ‘ಪ್ಯಾಕ್ಟ್’ ಎಂಬ ಪದ್ಧತಿಯನ್ನು 152 ಮಕ್ಕಳ ಕುಟುಂಬಗಳೊಂದಿಗೆ ಪರೀಕ್ಷಿಸಿದರು. ಎರಡರಿಂದ ಐದು ವರ್ಷದೊಳಗಿನ ಮಕ್ಕಳು. ಚಿಕಿತ್ಸಕಿ ಇಲ್ಲಿ ಮಗುವಿಗೆ ನೇರವಾಗಿ ಏನನ್ನೂ ಕಲಿಸುವುದಿಲ್ಲ. ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ಸ್ವಲ್ಪ ಹೊತ್ತು ವಿಡಿಯೊ ಮಾಡಿಕೊಳ್ಳುತ್ತಾಳೆ. ಆಮೇಲೆ ಇಬ್ಬರೂ ಕೂತು ಅದನ್ನು ನೋಡುತ್ತಾರೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನೋಡುತ್ತಾರೆ. ‘ಇಲ್ಲಿ ನೀವು ಸುಮ್ಮನಿದ್ದಿರಿ, ಮಗು ನಿಮ್ಮ ಕೈ ಮುಟ್ಟಿತು, ಗಮನಿಸಿದಿರಾ?’ ಇಂಥ ಮಾತು. ಮಗು ಏನನ್ನು ನೋಡುತ್ತಿದೆಯೋ ಅದಕ್ಕೇ ತಕ್ಕ ಒಂದು ಪುಟ್ಟ ಮಾತು ಆಡಿ ಕಾಯುವುದನ್ನು, ಪ್ರಶ್ನೆ ಮತ್ತು ಅಪ್ಪಣೆಗಳನ್ನು ಕಡಿಮೆ ಮಾಡುವುದನ್ನು ಪೋಷಕರು ಹಾಗೆ ಕಲಿಯುತ್ತಾರೆ. ಮಗು ಫ್ಯಾನ್ ನೋಡುತ್ತಿದ್ದರೆ ಪಕ್ಕದಲ್ಲಿ ಕೂತು ‘ತಿರುಗ್ತಾ ಇದೆ’ ಅಂದರೆ ಸಾಕು. ಕೈಗೆ ಚೆಂಡು ತುರುಕಬೇಕಾಗಿಲ್ಲ. ಉಯ್ಯಾಲೆ ಎರಡು ಸಲ ತೂಗಿ ಮೂರನೆಯ ಸಲ ಹಿಡಿದು ನಿಲ್ಲಿಸಿ, ಮಗುವಿನ ಮುಖ ನೋಡುತ್ತ ಕಾಯಬೇಕು. ಬೇಕೆಂಬುದು ಮಾತಾಗಿಯೇ ಬರಬೇಕಿಲ್ಲ. ಕಣ್ಣಲ್ಲಿ ಬರಬಹುದು, ಕಾಲು ಒದರುವುದರಲ್ಲಿ ಬರಬಹುದು.

ಕಾಯುವುದು ಕೇಳಲು ಸುಲಭ. ಆದರೆ ಕೇಳುವ ಮೊದಲೇ ತಟ್ಟೆ ತುಂಬುವ ಅಜ್ಜಿ, ಅತ್ತರೆ ಎತ್ತಿಕೊಳ್ಳಲು ನಾಲ್ಕು ಕೈ ಇರುವ ನಮ್ಮ ಮನೆಗಳಲ್ಲಿ ಅದೇ ಅತಿ ಕಷ್ಟದ ಪಾಠ. ಅಲ್ಲಿ ಮಗುವಿಗೆ ಏನನ್ನೂ ಕೇಳುವ ಪ್ರಸಂಗವೇ ಬರುವುದಿಲ್ಲ. ಇನ್ನೊಂದು ತೊಡಕು, ಮಗು ಹೇಳುತ್ತಿರುವುದನ್ನು ಗುರುತಿಸುವುದು. ಆಟಿಸಂ ಇರುವ ಎಷ್ಟೋ ಮಕ್ಕಳು ಬಾಯಾರಿದಾಗ ‘ನೀರು ಬೇಕಾ?’ ಎಂದೇ ಕೇಳುತ್ತಾರೆ, ಅಮ್ಮ ನೀರು ಕೊಡುವಾಗ ಆಡುವ ಮಾತನ್ನೇ ಹಾಗೇ ಎತ್ತಿಕೊಂಡು. ಹಿರಿಯರು ಅದನ್ನು ಗಿಳಿಪಾಠ ಎಂದು ತಳ್ಳಿಹಾಕುತ್ತಾರೆ. ಅದು ಬೇಡಿಕೆ ಎಂದು ಗುರುತಿಸಿ ‘ನೀರು ಬೇಕು’ ಎಂದು ತಿರುಗಿಸಿ ಹೇಳಿ ಲೋಟ ಕೊಡುವುದನ್ನು ಯಾರಾದರೂ ತೋರಿಸಿಕೊಡಬೇಕು. ಚಿತ್ರದ ಕಾರ್ಡು, ಸನ್ನೆ ಕಲಿಸಿದರೆ ಮಾತು ಬರುವುದೇ ನಿಂತುಹೋದೀತು ಎಂಬ ಹೆದರಿಕೆಗೂ ಆಧಾರವಿಲ್ಲವೆಂದು ಯಾರಾದರೂ ಹೇಳಬೇಕು.

2010ರಲ್ಲಿ ಪ್ಯಾಕ್ಟ್‌ನ ಫಲಿತಾಂಶ ‘ಲ್ಯಾನ್ಸೆಟ್’ನಲ್ಲಿ ಬಂದಾಗ ಅದು ನಿರಾಶೆಯ ಸುದ್ದಿಯೇ ಆಗಿತ್ತು. ಪೋಷಕರು ಬದಲಾಗಿದ್ದರು, ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತ್ತು. ಆಟಿಸಂನ ಲಕ್ಷಣಗಳ ಅಳತೆಯಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸುಮಾರು ಆರು ವರ್ಷದ ಬಳಿಕ ಅದೇ ಮಕ್ಕಳಲ್ಲಿ 121 ಮಂದಿಯನ್ನು ಮತ್ತೆ ಹುಡುಕಿ ನೋಡಿದರು. ತೀವ್ರ ಲಕ್ಷಣಗಳಿದ್ದವರು ತರಬೇತಿ ಪಡೆದ ಗುಂಪಿನಲ್ಲಿ ಶೇ 46, ಉಳಿದ ಗುಂಪಿನಲ್ಲಿ ಶೇ 63. ಈ ವರದಿ 2016ರದ್ದು. ಹಾಗೆಂದು ಕುಣಿದಾಡಬೇಕಿಲ್ಲ. ಮಕ್ಕಳ ಆತಂಕ ಕಡಿಮೆಯಾಗಿರಲಿಲ್ಲ. ಮುಂದೆ ಮನೆಯ ಜೊತೆ ಶಾಲೆಯನ್ನೂ ಸೇರಿಸಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ಲಕ್ಷಣಗಳ ಮೇಲೆ ಪರಿಣಾಮ ಕಾಣಲಿಲ್ಲ. ಇದರ ಫಲ ನಿಧಾನದ್ದು, ಮಿತವಾದದ್ದು. ‘ಆರು ತಿಂಗಳಲ್ಲಿ ನಾರ್ಮಲ್’ ಎಂದು ಫಲಕ ಹಾಕುವ ಸೆಂಟರುಗಳ ಪಕ್ಕದಲ್ಲಿ ಈ ಸಂಶೋಧಕರ ಸಂಕೋಚ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ.

ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಗೋವಾದ್ದು. ಅಲ್ಲಿನ ‘ಸಂಗಾತ್’ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಕೂಡಿ ಇದೇ ಪದ್ಧತಿಯನ್ನು ದಕ್ಷಿಣ ಏಷ್ಯಾಕ್ಕೆ ಒಗ್ಗಿಸಿದವು. ಹನ್ನೆರಡು ಭೇಟಿ, 65 ಮಕ್ಕಳು. ತರಬೇತಿ ಕೊಟ್ಟವರು ತಜ್ಞರಲ್ಲ, ತಜ್ಞರ ಮೇಲ್ವಿಚಾರಣೆಯಲ್ಲಿದ್ದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಪೋಷಕರ ಸ್ಪಂದನೆಯೂ ಮಕ್ಕಳು ತಾವಾಗಿ ಸಂವಹನ ಶುರುಮಾಡುವುದೂ ಸ್ಪಷ್ಟವಾಗಿ ಹೆಚ್ಚಿದವು. ಪರಸ್ಪರ ಒಂದೇ ಕಡೆ ಗಮನ ಇಡುವ ಸಮಯ ಮಾತ್ರ ಇಳಿಯಿತು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ವಾಕ್ ತಜ್ಞರು ಜಿಲ್ಲಾ ಕೇಂದ್ರ ದಾಟಿದರೆ ವಿರಳವಾಗುವ ನಾಡಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಬೇರೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಪೋಷಕರಿಗಾಗಿ ಒಂಬತ್ತು ಗುಂಪು ತರಗತಿ, ಮೂರು ಮನೆಭೇಟಿಗಳ ಪಠ್ಯ ರೂಪಿಸಿದೆ. ಅದನ್ನೂ ತಜ್ಞರಲ್ಲದವರೇ ನಡೆಸಬಹುದು.

ಕರ್ನಾಟಕಕ್ಕೆ ಇದು ಹೊಸತೇನಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿ ಆರು ದಶಕವಾಯಿತು. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರು ಮಕ್ಕಳ ಪಕ್ಕದಲ್ಲಿ ಕೂತೇ ಕಲಿಯುತ್ತಾರೆ. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತರು ಕಟ್ಟಿದ ‘ಕಾಮ್ ಡೀಲ್’ ಪೋಷಕರನ್ನು ಜೊತೆಗಿಟ್ಟುಕೊಂಡೇ ನಡೆದಿದೆ. ಕೊರತೆ ಜ್ಞಾನದ್ದಲ್ಲ, ದೂರದ್ದು. ಬೀದರಿನ ಕುಟುಂಬ ಮೈಸೂರಿನಲ್ಲಿ ತಿಂಗಳುಗಟ್ಟಲೆ ಬಾಡಿಗೆ ಕೋಣೆ ಹಿಡಿಯಬೇಕು. ಅಷ್ಟು ದಿನ ತಂದೆ ಊರಲ್ಲೇ ದುಡಿಯಬೇಕು, ತಾಯಿ ಮೈಸೂರಿನಲ್ಲಿ ಒಂಟಿ.

ಹಾಗೆ ಹೋಗಲಾಗದವರಿಗೆ ಸಿಗುವುದೇ ‘ಹೋಂ ಪ್ರೋಗ್ರಾಂ’. ಒಂದು ಹಾಳೆ, ಬಹುಪಾಲು ಇಂಗ್ಲಿಷಿನಲ್ಲಿ: ಹತ್ತು ಹಣ್ಣು, ಹತ್ತು ಪ್ರಾಣಿ, ದಿನಕ್ಕೆ ಇಪ್ಪತ್ತು ಸಲ ಐ ಕಾಂಟ್ಯಾಕ್ಟ್. ಮುಂದಿನ ಸಲ ಹೋದಾಗ ‘ಮಾಡಿಸಿದಿರಾ?’ ಎಂಬ ವಿಚಾರಣೆ. ಇದನ್ನು ಪೋಷಕರ ತರಬೇತಿ ಎಂದು ಕರೆಯುವುದು ಈಜು ಕಲಿಸುತ್ತೇನೆಂದು ಕೈಗೆ ಚೀಟಿ ಕೊಟ್ಟು ಕೆರೆಗೆ ಕಳಿಸಿದ ಹಾಗೆ. ತಾಯಿ ಆಡುವುದನ್ನು ಯಾರೂ ನೋಡಿಲ್ಲ, ಆಕೆಗೆ ಬರುವುದೇನು, ತೊಡಕಾಗುವುದೇನು ಎಂದು ಯಾರೂ ಕೇಳಿಲ್ಲ.

ಇದರ ಜೊತೆಗೆ ಅಂಟಿಕೊಂಡು ಬರುವ ಇನ್ನೊಂದು ಅಪ್ಪಣೆ: ‘ಮನೆಯಲ್ಲಿ ಒಂದೇ ಭಾಷೆ ಮಾತಾಡಿ’. ಆ ಒಂದು ಭಾಷೆ ನಗರಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್, ಏಕೆಂದರೆ ಮುಂದೆ ಶಾಲೆಯದ್ದು ಅದೇ. ಕೆನಡಾದಲ್ಲಿ ಆಟಿಸಂ ಇರುವ 75 ಮಕ್ಕಳನ್ನು ಹೋಲಿಸಿ ನೋಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ. ಆದರೂ ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುವ ತಾಯಿ ಅರ್ಧಂಬರ್ಧ ಇಂಗ್ಲಿಷಿನಲ್ಲಿ ‘ಕಮ್, ಸಿಟ್, ಗಿವ್’ ಎನ್ನುತ್ತಾಳೆ. ಬರುವ ಭಾಷೆಯಲ್ಲಾದರೆ ಮುದ್ದು, ತಮಾಷೆ, ಕಥೆ ಎಲ್ಲ ಸಲೀಸು. ಬಾರದ ಭಾಷೆಯಲ್ಲಿ ಉಳಿಯುವುದು ಅಪ್ಪಣೆ ಮಾತ್ರ. ಮಗುವಿಗೆ ಬೇಕಾದದ್ದನ್ನೇ ಕಿತ್ತುಕೊಳ್ಳುವ ಈ ಸಲಹೆಯನ್ನು ನಮ್ಮ ವೃತ್ತಿಪರರು ಎಂದೋ ಕೈಬಿಡಬೇಕಿತ್ತು.

ಪೋಷಕರ ಪಾತ್ರದ ಮಾತೆತ್ತಿದಾಗಲೆಲ್ಲ ಹಳೆಯ ಒಂದು ಅನ್ಯಾಯ ನೆನಪಿನಲ್ಲಿರಬೇಕು. 1950–60ರ ದಶಕಗಳಲ್ಲಿ ಅಮೆರಿಕದಲ್ಲಿ ಬ್ರೂನೊ ಬೆಟೆಲ್‌ಹೈಮ್‌ರಂಥವರು ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣವೆಂದರು. ಅದನ್ನು ಒಡೆದವರಲ್ಲಿ ಮೊದಲಿಗ ಬರ್ನಾರ್ಡ್ ರಿಮ್ಲಂಡ್, ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ. ಅವರ ಪುಸ್ತಕ ಬಂದದ್ದು 1964ರಲ್ಲಿ. ಬಳಿಕ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಪೋಷಕರನ್ನೇ ಸಹ-ಚಿಕಿತ್ಸಕರೆಂದು ಪಕ್ಕದಲ್ಲಿ ಕೂರಿಸಿಕೊಂಡರು. ದೆಹಲಿಯಲ್ಲಿ 1991ರಲ್ಲಿ ‘ಆ್ಯಕ್ಷನ್ ಫಾರ್ ಆಟಿಸಂ’ ಹುಟ್ಟುಹಾಕಿದ ಮೆರ್ರಿ ಬರುವಾ ಕೂಡ ತಾಯಿಯೇ. ಹಳೆಯ ಆರೋಪ ಈಗ ಬೇರೆ ವೇಷದಲ್ಲಿ ಬರುತ್ತಿದೆ. ತಾಯಿಯಿಂದ ಆಟಿಸಂ ಬಂತು ಎಂದು ಇಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗು ಸುಧಾರಿಸದಿದ್ದರೆ ‘ಮನೆಯಲ್ಲಿ ಸರಿಯಾಗಿ ಮಾಡಿಸಿಲ್ಲ’ ಎನ್ನುತ್ತಾರೆ. ಕೆಲಸ ಬಿಟ್ಟು ಮಗುವಿನ ಹಿಂದೆ ನಿಂತವಳಿಗೆ ಎರಡರ ನೋವೂ ಒಂದೇ.

ವ್ಯವಸ್ಥೆಯ ಮೊದಲರ್ಧ ಕಾಗದದ ಮೇಲಂತೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಅಂಗನವಾಡಿ ಮಕ್ಕಳ ತಪಾಸಣೆ ನಡೆಸುತ್ತಿದೆ. 2023ರ ನವೆಂಬರ್‌ನಲ್ಲಿ ಕೇಂದ್ರವು ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಕೈಪಿಡಿಯನ್ನೂ ಹೊರಡಿಸಿತು. ರಾಜ್ಯದಲ್ಲಿರುವ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳು ಮಗುವನ್ನು ಗುರುತಿಸಿ ಮೇಲಕ್ಕೆ ಕಳಿಸಬಲ್ಲವು. ಮೇಲಿನಿಂದ ಮತ್ತೆ ಮನೆಗೆ ಬರುವ ದಾರಿಯೇ ಇಲ್ಲದಿರುವುದು. ತಾಲ್ಲೂಕಿಗೆ ಇಬ್ಬರು ತರಬೇತಾದ ಕಾರ್ಯಕರ್ತೆಯರು, ಕೈಯಲ್ಲೊಂದು ಫೋನು, ಕನ್ನಡದ ಕೈಪಿಡಿ, ಅವರ ವಿಡಿಯೊಗಳನ್ನು ನೋಡಿ ತಿದ್ದಲು ಮೈಸೂರಿನಲ್ಲೋ ನಿಮ್ಹಾನ್ಸ್‌ನಲ್ಲೋ ಒಬ್ಬ ಮೇಲ್ವಿಚಾರಕರು: ಗೋವಾದ ಮಾದರಿ ಬೇಡುವುದು ಇಷ್ಟನ್ನೇ. ಶಾಲೆ, ಚಿಕಿತ್ಸಾ ಕೇಂದ್ರಗಳ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳಲು ಇದು ನೆಪವಾಗಬಾರದು ಎಂಬುದು ಬೇರೆ ಮಾತು. ಅದು ಆಗುವ ಸಂಭವ ಇದ್ದೇ ಇದೆ.

ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವ ಆಸೆ ಇಲಾಖೆಗೆ ಬಂದರೆ, ಗೌರವಧನಕ್ಕಾಗಿ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತದ್ದನ್ನು ನೆನೆಯಲಿ. ಪ್ರತ್ಯೇಕ ಹುದ್ದೆ, ಪ್ರತ್ಯೇಕ ಸಂಬಳ ಬೇಕು. ಭೇಟಿಯ ವೇಳೆಯನ್ನೂ ಯೋಚಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಸಿಗುವವಳು ತಾಯಿ ಒಬ್ಬಳೇ, ಅವಳೂ ಕೂಲಿಗೆ ಹೋಗುವವಳಾದರೆ ಅವಳೂ ಇಲ್ಲ. ಹನ್ನೆರಡು ಭೇಟಿಗಳಲ್ಲಿ ಅರ್ಧವಾದರೂ ಸಂಜೆ ಅಥವಾ ಭಾನುವಾರ ಇರಲಿ. ಅಪ್ಪನೂ ನೆಲದ ಮೇಲೆ ಕೂರಲಿ, ಅಜ್ಜಿಯೂ ವಿಡಿಯೊ ನೋಡಲಿ. ರಜೆಯ ದಿನ ದುಡಿದ ಕಾರ್ಯಕರ್ತೆಗೆ ಅದಕ್ಕೆ ತಕ್ಕ ಭತ್ಯೆಯೂ ಸಿಗಲಿ.