ಸಾವಿಗೆ ಪ್ರಶ್ನೆ ಇಡಿಸುವವರು

ನಮ್ಮ ಕರಾವಳಿಯಲ್ಲಿ ಅಕಾಲ ಮರಣವಾದ ಮನೆಯವರು ಜೋಯಿಸರಲ್ಲಿಗೆ ಹೋಗಿ ‘ಪ್ರಶ್ನೆ ಇಡಿಸುವುದು’ ಇವತ್ತಿಗೂ ಇದೆ. ಕವಡೆ ಎಣಿಸಿ, ರಾಶಿ ನೋಡಿ ಅವರು ಕಾರಣ ಹೇಳುತ್ತಾರೆ: ನಾಗಬನ ಕಡಿದದ್ದು, ದೈವಕ್ಕೆ ಸಲ್ಲಬೇಕಾದದ್ದು ಸಲ್ಲದೇ ಹೋದದ್ದು, ಹಿರಿಯರ ಪ್ರೇತಕ್ಕೆ ಸದ್ಗತಿ ಸಿಗದಿದ್ದದ್ದು. ಅಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರ ಬರುವುದಿಲ್ಲ. ಆದರೂ ಆ ಪ್ರಶ್ನೆಗೆ ಒಂದು ಮರ್ಯಾದೆಯಿದೆ. ದೋಷ ಹೆಚ್ಚಾಗಿ ಕೇಳಿದವರ ಮನೆಯದ್ದೇ, ಪರಿಹಾರದ ಖರ್ಚೂ ಅವರದ್ದೇ. ಪರಿಹಾರ ಮುಗಿದರೆ ಮಾತೂ ಮುಗಿಯುತ್ತದೆ.

ಪ್ರಸಿದ್ಧರೊಬ್ಬರು ತೀರಿಕೊಂಡಾಗ ಟಿವಿ ಸ್ಟುಡಿಯೋಗಳೂ ನಮ್ಮ ಕೈಯ ಮೊಬೈಲುಗಳೂ ಸೇರಿ ಇಡಿಸುವ ಪ್ರಶ್ನೆಗೆ ಈ ಮರ್ಯಾದೆಯೂ ಇಲ್ಲ. ಅಲ್ಲಿ ದೋಷ ಯಾವಾಗಲೂ ಇನ್ನೊಬ್ಬರದ್ದು. ಖರ್ಚು ಯಾರದ್ದೋ. ಮಾತು ಮಾತ್ರ ಮುಗಿಯುವುದೇ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಬಾಲನಟನಾಗಿದ್ದಾಗಲೇ ತಮ್ಮ ದನಿಯಿಂದ ಮನೆಮಾತಾಗಿದ್ದ ಗಾಯಕ, ಮೈ ಹುರಿಗೊಳಿಸಿಕೊಂಡಿದ್ದ ನಟ, ಎಲ್ಲರ ‘ಅಪ್ಪು’. ವ್ಯಾಯಾಮದ ನಂತರ ಎದೆಯಲ್ಲಿ ಕಸಿವಿಸಿಯಾಯಿತು, ಕುಟುಂಬ ವೈದ್ಯರ ಕ್ಲಿನಿಕ್ಕಿಗೆ ಹೋದರು, ಅಲ್ಲಿಂದ ವಿಕ್ರಂ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೈಮೀರಿತು. ಇದಿಷ್ಟು ಸುದ್ದಿ. ಉಳಿದದ್ದೆಲ್ಲ ನಾವು ಸೇರಿಸಿದ್ದು. ಮೊದಲು ಜಿಮ್ ಆರೋಪಿಯಾಯಿತು. ಆಮೇಲೆ ಕೋವಿಡ್ ಲಸಿಕೆ. ಆಮೇಲೆ ವೈದ್ಯರು. ಹಳ್ಳಿಯ ಬಡವರಿಗೆ ದಶಕಗಳಿಂದ ಉಚಿತವಾಗಿ ಚಿಕಿತ್ಸೆ ಕೊಡುತ್ತ ಬಂದ ಡಾ. ರಮಣ ರಾವ್ ಅವರ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ವೈದ್ಯರಿಗೆ ರಕ್ಷಣೆ ಕೊಡಿ ಎಂದು ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಅಪ್ಪುವಿನ ಕಣ್ಣುಗಳು ನಾಲ್ವರಿಗೆ ಬೆಳಕಾದ ವಾರಗಳಲ್ಲೇ ಅವರ ಹೆಸರಿನಲ್ಲಿ ಒಬ್ಬ ವೈದ್ಯರ ಮನೆಬಾಗಿಲಿಗೆ ಕಾವಲು ಬಂತು. ಇದನ್ನು ಅಭಿಮಾನ ಎಂದು ಕರೆಯಲು ನಾನು ತಯಾರಿಲ್ಲ.

ಭಾರತದಲ್ಲಿ ಲಸಿಕೆ ಹಾಕಲು ಶುರುವಾದದ್ದು 2021ರ ಜನವರಿ 16ರಂದು. ಅದಕ್ಕೂ ಏಳು ತಿಂಗಳ ಮೊದಲು, 2020ರ ಜೂನ್ 7ರಂದು, ಚಿರಂಜೀವಿ ಸರ್ಜಾ 40 ತುಂಬುವ ಮೊದಲೇ ಹೃದಯಾಘಾತದಿಂದ ಹೋದರು. ಆಗ ದೂರಲು ಲಸಿಕೆ ಇರಲಿಲ್ಲ. ಹಾಗಾಗಿ ಡ್ರಗ್ಸ್ ಮಾತು ಎದ್ದಿತು. ಮರಣೋತ್ತರ ಪರೀಕ್ಷೆ ಯಾಕೆ ಮಾಡಲಿಲ್ಲ ಎಂದು ಸಾರ್ವಜನಿಕವಾಗಿ ಕೇಳಲಾಯಿತು. ಅವರ ಹೆಂಡತಿ ಆಗ ಗರ್ಭಿಣಿ. ಆರೋಪಿ ಬದಲಾಗುತ್ತಾನೆ, ಆರೋಪದ ಜಾಗ ಖಾಲಿ ಬಿಡುವುದಿಲ್ಲ.

ಇದು ಬೆಂಗಳೂರಿನ ರೋಗ ಎಂದು ಉಚ್ಚಿಲ, ಕಾಪುವಿನವರಾದ ನಾವು ನಗುವಂತಿಲ್ಲ. 2025ರ ಮೇ 12ರಂದು ಹೂಡೆಯ ಹುಡುಗ, ‘ಕಾಮಿಡಿ ಕಿಲಾಡಿಗಳು’ ಗೆದ್ದ ರಾಕೇಶ್ ಪೂಜಾರಿ, ಕಾರ್ಕಳದ ನಿಟ್ಟೆಯಲ್ಲಿ ಗೆಳೆಯರ ಮೆಹಂದಿಗೆ ಹೋದವರು ಅಲ್ಲೇ ಕುಸಿದು ತೀರಿಕೊಂಡರು. ಅವರಿಗೆ 35 ಕೂಡ ತುಂಬಿರಲಿಲ್ಲ. ಅವರು ‘ಕಾಂತಾರ’ದ ಎರಡನೇ ಚಿತ್ರದಲ್ಲಿ ನಟಿಸುತ್ತಿದ್ದರು. ಅದೇ ತಿಂಗಳು ಅದೇ ತಂಡದ ಕೇರಳದ ಸಹಕಲಾವಿದರೊಬ್ಬರು ಸೌಪರ್ಣಿಕಾ ನದಿಯಲ್ಲಿ ಮುಳುಗಿ ಸತ್ತಿದ್ದರು. ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ‘ದೈವ ಮುನಿದಿದೆ’ ಎಂದವರು ದೂರದವರಲ್ಲ, ನಮ್ಮವರೇ. ದೈವ ನ್ಯಾಯ ಕೊಡುತ್ತದೆ ಎಂದು ನಂಬಿ ಕೋಲದ ಮುಂದೆ ಕೈಮುಗಿದು ನಿಲ್ಲುವ ಜನ ನಾವು. ಮದುವೆಮನೆಯಲ್ಲಿ ನಗಿಸಲು ಹೋದ ಹುಡುಗನ ಜೀವ ತೆಗೆಯುವ ದೈವ ಯಾವ ಪಾಡ್ದನದಲ್ಲಿದೆ? ಆ ಮಾತಿನಿಂದ ರಾಕೇಶನಿಗಿಂತ ದೈವಕ್ಕೇ ಹೆಚ್ಚು ಅವಮಾನ.

‘ಹಾಗಾದರೆ ಪ್ರಶ್ನೆ ಕೇಳುವುದೇ ತಪ್ಪಾ ಮಾರಾಯ?’ ಎಂದು ಗೆಳೆಯರು ಕೇಳುತ್ತಾರೆ. ತಪ್ಪಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೂ ಒಂದು ದುಡಿಮೆ ಬೇಕು. ನನ್ನ ಪಿಎಚ್‌ಡಿ ಪ್ರಬಂಧದ ಕರಡಿನಲ್ಲಿ ಆಧಾರವಿಲ್ಲದ ಒಂದು ವಾಕ್ಯ ಬಂದರೆ ಮಾರ್ಗದರ್ಶಕರು ಅದರ ಕೆಳಗೆ ಗೆರೆ ಎಳೆದು ವಾಪಸು ಕೊಡುತ್ತಾರೆ. ಸತ್ತವರ ಬಗ್ಗೆ ಮಾತಾಡುವಾಗ ಆ ಗೆರೆ ಬೇಡವೇ?

ದುಡಿದು ಕೇಳಿದವರೂ ಇದ್ದಾರೆ. 18ರಿಂದ 45 ವರ್ಷದ ಆರೋಗ್ಯವಂತರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸತ್ತ 729 ಜನರ ವಿವರಗಳನ್ನು 2,916 ಜೀವಂತರ ವಿವರಗಳ ಜೊತೆ ಇಟ್ಟು ನೋಡಿದರು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿತ ಅಥವಾ ತೀವ್ರ ದೈಹಿಕ ಶ್ರಮ, ಇಂಥವು ಅಪಾಯವನ್ನು ಹೆಚ್ಚಿಸಿದ್ದವು. ‘ನೋಡಿ, ಜಿಮ್ಮೇ ಕಾರಣ’ ಎಂದು ಹಾರುವ ಮೊದಲು ನಿಲ್ಲಿ. ಸಾವಿರಾರು ಜನರಲ್ಲಿ ಅಪಾಯ ಹೆಚ್ಚಿಸುವ ಅಂಶ ಬೇರೆ, ಒಬ್ಬ ಮನುಷ್ಯನ ಸಾವಿನ ಕಾರಣ ಬೇರೆ. ಮೊದಲನೆಯದನ್ನು ಲೆಕ್ಕ ಹೇಳುತ್ತದೆ. ಎರಡನೆಯದನ್ನು ಹೇಳಬಲ್ಲದ್ದು ಆ ಒಬ್ಬರ ದೇಹ ಮಾತ್ರ.

ಹಾಸನದ ಕಥೆ ನೆನಪಿಸಿಕೊಳ್ಳಿ. 2025ರ ಮೇ, ಜೂನ್‌ನಲ್ಲಿ ಅಲ್ಲಿ ಸಾಲು ಸಾಲು ಹೃದಯಾಘಾತ ಎಂಬ ಸುದ್ದಿ ಹಬ್ಬಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಲಸಿಕೆಯ ಮೇಲೆ ಶಂಕೆ ವ್ಯಕ್ತಪಡಿಸಿದರು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ಲಸಿಕೆಗೆ ನಂಟು ಸಿಗಲಿಲ್ಲ. ‘ಹೃದಯಾಘಾತ’ದ ಆ ಪಟ್ಟಿಯಲ್ಲಿ ರಸ್ತೆ ಅಪಘಾತದ ಸಾವೂ ಸೇರಿಕೊಂಡಿತ್ತು!

ಅದೇ ಜುಲೈನಲ್ಲಿ ಸರ್ಕಾರ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಹೇಳಿತು. ನಮ್ಮ ಬಣ್ಣ ಬಯಲಾಗುವುದು ಇಲ್ಲಿ. ಸ್ಟಾರ್ ಸತ್ತರೆ ‘ಸತ್ಯ ಹೊರಗೆ ಬರಲಿ’ ಎನ್ನುವ ನಾವೇ ನಮ್ಮ ಮನೆಯ ಹೆಣದ ಮುಂದೆ ‘ಕೊಯ್ಯಿಸುವುದು ಬೇಡ, ಬೇಗ ಕೊಡಿ’ ಎಂದು ಪೊಲೀಸರಿಗೆ ಕೈಮುಗಿಯುತ್ತೇವೆ. ದುಃಖದಲ್ಲಿ ಹಾಗೆ ಬೇಡಿಕೊಳ್ಳುವುದು ಸಹಜ. ಅಂಥದ್ದೇ ದುಃಖ ಅಶ್ವಿನಿಯವರಿಗೂ, ಮೇಘನಾ ಅವರಿಗೂ, ಹೂಡೆಯ ಆ ತಾಯಿಗೂ ಇತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ.

ಸಾಹಿತ್ಯ ಓದುವವರೂ ಇದರಿಂದ ಹೊರತಲ್ಲ. 1971ರಲ್ಲಿ ರಾಕ್ ಗಾಯಕ ಜಿಮ್ ಮಾರಿಸನ್ ಪ್ಯಾರಿಸ್ಸಿನಲ್ಲಿ 27ರ ವಯಸ್ಸಿಗೆ ಸತ್ತ. ಮರಣೋತ್ತರ ಪರೀಕ್ಷೆ ಆಗಲಿಲ್ಲ. ಅರ್ಧ ಶತಮಾನ ದಾಟಿದರೂ ಆತನ ಸಾವಿನ ಕಥೆಗಳು ನಿಂತಿಲ್ಲ. ‘27ರ ಕ್ಲಬ್ಬು’ ಎಂಬ ಹೆಸರು ಕೊಟ್ಟು ನಾವದನ್ನು ಸುಂದರ ಮಾಡಿಕೊಂಡಿದ್ದೇವೆ. ನಿಗೂಢ ಸಾವು ಹಾಡಿಗೆ ಇನ್ನಷ್ಟು ಬೆಲೆ ತರುತ್ತದೆ ಎಂಬ ಈ ರುಚಿಯೂ ಟಿವಿಯವರ ರುಚಿಯೂ ಒಂದೇ ಅಡುಗೆಮನೆಯದ್ದು.

ಇದರ ಬೆಲೆ ತೆರುವವರು ಯಾರು? ಉಚ್ಚಿಲದಲ್ಲಿ ನಡುರಾತ್ರಿ ಎದೆ ಹಿಡಿದುಕೊಂಡವರಿಗೆ ಇವತ್ತಿಗೂ ಮೊದಲು ಸಿಗುವುದು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬ ಮಾತು ಮತ್ತು ಒಂದು ಲೋಟ ಈನೋ. ಅಪ್ಪುವಿನ ಹೆಸರಿನಲ್ಲೇ 2023ರ ನವೆಂಬರ್‌ನಲ್ಲಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಶುರುವಾಯಿತು: ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವುದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಲಸಿಕೆಯ ಸಿದ್ಧಾಂತ ನಮ್ಮಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠ. ನಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ಇದೆ, ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಇರುತ್ತಾರೆಯೇ ಎಂದು ಎಷ್ಟು ಜನ ಕೇಳಿದ್ದೇವೆ?

ಅಪ್ಪು ಹೇಗೆ ಸತ್ತರು ಎಂದು ನಾಲ್ಕು ವರ್ಷ ಚರ್ಚಿಸಿದವರು ಈ ಒಂದು ಪ್ರಶ್ನೆಯನ್ನು ಹಿಡಿದು ನಾಳೆ ಆಸ್ಪತ್ರೆಯ ಬಾಗಿಲಿಗೆ ಹೋಗಲಿ. ಅದಕ್ಕೆ ಸ್ಟುಡಿಯೋ ಬೇಡ, ಕವಡೆಯೂ ಬೇಡ.