ಪಿನ್ ಎಣಿಸಿ ಫ್ಯಾನ್ ಕೊಳ್ಳೋಣ

ಕಮಲಾಪುರದ ನಮ್ಮ ಖಾಲಾ ಮಗ ರಜೆಯಲ್ಲಿ ಕೆಂಪು ಬಾಳೆಹಣ್ಣು ಮಾರಿ ಕೂಡಿಸಿದ ಹಣ ನನ್ನ ಕೈಗಿಟ್ಟ. ಕಂಪ್ಯೂಟರ್‌ಗೆ ಬಣ್ಣದ ದೀಪವಿರುವ ಮೂರು ಫ್ಯಾನ್ ಬೇಕಂತೆ. ಕಲಬುರಗಿಯ ಅಂಗಡಿಯೊಂದರಲ್ಲಿ ಕೊಂಡು ಬಸ್ಸಿನಲ್ಲಿ ಒಯ್ದೆ.

ದೀಪದ ವೈರಿಗೆ ಮೂರು ತೂತು, ಮದರ್‌ಬೋರ್ಡಿನಲ್ಲಿ ನಾಲ್ಕು ಪಿನ್. ಅಡ್ಡ ಬಂದ ಪಿನ್ನನ್ನು ಬಗ್ಗಿಸಿ ಒತ್ತಿದೆವು. ಸ್ವಿಚ್ ಹಾಕಿದೊಡನೆ ದೀಪಗಳೆಲ್ಲ ಸುಟ್ಟುಹೋದವು.

ಆಮೇಲೆ ತಿಳಿಯಿತು: ಮೂರು ಪಿನ್ನಿನ ಎಆರ್‌ಜಿಬಿ ದೀಪಕ್ಕೆ 5 ವೋಲ್ಟ್ ಸಾಕು. ಅದರಲ್ಲಿ ಒಂದೊಂದು ದೀಪಕ್ಕೂ ಬೇರೆ ಬಣ್ಣ ಹೇಳಬಹುದು. ನಾಲ್ಕು ಪಿನ್ನಿನ ಹಳೆಯ ಆರ್‌ಜಿಬಿಯಲ್ಲಿ ಹರಿಯುವುದು 12 ವೋಲ್ಟ್. ಎಲ್ಲ ದೀಪಕ್ಕೂ ಒಂದೇ ಬಣ್ಣ. ಇವೆರಡನ್ನೂ ನೇರವಾಗಿ ಜೋಡಿಸಲೇಬಾರದು. ಪವರ್ ಸಪ್ಲೈನ ಸಾಟಾ ವೈರಿನಿಂದ ನಡೆಯುವ, ಗುಂಡಿ ಅಥವಾ ರಿಮೋಟ್ ಇರುವ 5 ವೋಲ್ಟ್ ಕಂಟ್ರೋಲರ್ ಕೊಂಡಿದ್ದರೆ ಸಾಕಿತ್ತು.

ತಪ್ಪು ಯಾರದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಮಾಹಿತಿ ಪಡೆಯುವ ಹಕ್ಕು ಕೊಟ್ಟಿದೆ. ಅಂಗಡಿಯವರು "ಯಾವ ಮದರ್‌ಬೋರ್ಡ್?" ಎಂದು ಕೇಳಬೇಕಿತ್ತು, ಬಿಲ್ಲಿನಲ್ಲಿ ವೋಲ್ಟ್ ಬರೆಯಬೇಕಿತ್ತು. ಆದರೆ ವ್ಯವಹಾರ ಅಧ್ಯಯನದ ಅದೇ ಪಾಠದಲ್ಲಿ ಗ್ರಾಹಕರ ಹೊಣೆಯೂ ಇದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ ನಾನು ಅಂಗಡಿಯಲ್ಲಿ ಕೇಳಿದ್ದು ಬೆಲೆ ಮಾತ್ರ.

ಗೆಳೆಯರೇ, ಕೊಳ್ಳುವ ಮೊದಲು ಮದರ್‌ಬೋರ್ಡಿನ ಫೋಟೋ ತೆಗೆದುಕೊಂಡು ಹೋಗಿ. ಪಿನ್ ಎಣಿಸಿ, ವೋಲ್ಟ್ ಓದಿ. ಕೂರದಿದ್ದರೆ ಒತ್ತಬೇಡಿ.

ತಮ್ಮ ನನ್ನನ್ನು ಬಯ್ಯಲಿಲ್ಲ. "ಗಾಳಿಯಂತೂ ಬರ್ತದಲ್ಲ ಭಾಯಿ" ಎಂದ. ಬಯ್ದಿದ್ದರೇ ಚೆನ್ನಾಗಿತ್ತು.